ಮರದೊಳಗಿನ ಮದ್ದು, ಅದರ ಅಳತೆ



ಮರದ ವ್ಯಾಪಾರವನ್ನೇ ನಂಬಿ ಬದುಕಿದ ಹಿರಿಯರೊಬ್ಬರ ನೆನಪಿನಲ್ಲಿ ನಡೆಯುವ ಉಪನ್ಯಾಸ ಇದು. ಹಾಗಾಗಿ ಮರವನ್ನೇ ಮಾತಿಗೆ ಎತ್ತಿಕೊಂಡಿದ್ದೇನೆ. ‘ಟ್ರೀಟ್ ಮಾಡಿದ ಮರ’, ‘ಔಷಧಿ ಹೊಡೆದ ಮರ’ ಎಂದು ಡಿಪೋಗಳಲ್ಲಿ ಮಾರುತ್ತಾರಲ್ಲ, ಆ ಮರದೊಳಗೆ ಔಷಧಿ ನಿಜಕ್ಕೂ ಎಷ್ಟಿದೆ, ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುವುದು ಹೇಗೆ? ಅದಕ್ಕಿರುವ ಹಲವು ದಾರಿಗಳಲ್ಲಿ ದ್ರವ ಕ್ರೊಮಾಟೋಗ್ರಫಿ ಒಂದು. ನನ್ನ ವೃತ್ತಿಜೀವನದ ದೊಡ್ಡ ಪಾಲು ಆ ಯಂತ್ರದ ಎದುರು ಕಳೆದಿದೆ. ಇಷ್ಟು ವರ್ಷ ಅದನ್ನು ನಡೆಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದನ್ನು ಮೊದಲೇ ಹೇಳಿಬಿಡುತ್ತೇನೆ: ವರದಿಯಲ್ಲಿ ಅಚ್ಚಾಗುವ ಸಂಖ್ಯೆಯ ಹಣೆಬರಹ ಯಂತ್ರಕ್ಕೆ ಬರುವ ಮೊದಲೇ, ಮರಕ್ಕೆ ಬೈರಿಗೆ ಇಟ್ಟ ಜಾಗದಲ್ಲಿ ಮತ್ತು ಪುಡಿಯನ್ನು ನೆನೆಹಾಕಿದ ಬಾಟಲಿಯಲ್ಲಿ ತೀರ್ಮಾನವಾಗಿರುತ್ತದೆ.

ಮಲೆನಾಡು, ಕರಾವಳಿಯ ಕಡೆಯವರಿಗೆ ಮರಕ್ಕೆ ಮದ್ದು ಹಾಕುವುದು ಹೊಸ ಸಂಗತಿಯಲ್ಲ. ಪಕಾಸಿಗೂ ರೀಪಿಗೂ ಗೇರೆಣ್ಣೆ ಬಳಿಯುತ್ತಿದ್ದರು. ಬೇಲಿಗೂಟದ ಬುಡವನ್ನು ಬೆಂಕಿಯಲ್ಲಿ ಕರಿಕಾಗಿಸಿ ನೆಡುತ್ತಿದ್ದರು. ಡಾಂಬರು, ಗ್ಯಾರೇಜಿನ ಸುಟ್ಟ ಎಣ್ಣೆ ಆಮೇಲೆ ಬಂದವು. ಇವೆಲ್ಲ ಮೇಲ್ಮೈಗೆ ಮಾಡುವ ಉಪಚಾರ. ಮರ ಒಣಗುತ್ತಾ ಬಿರಿಯುತ್ತದೆ. ಬಳಿದ ಪದರವನ್ನು ಸೀಳಿಕೊಂಡು ಬಿರುಕು ಒಳಗೆ ಹೋಗುತ್ತದೆ, ಅದರ ಬೆನ್ನಿಗೆ ನೀರು, ನೀರಿನ ಬೆನ್ನಿಗೆ ಬೂಷ್ಟು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ತೊಲೆಗೆ ಕೊಡಲಿಯ ಹಿಂಬದಿಯಿಂದ ಬಡಿದರೆ ಟೊಳ್ಳು ಸದ್ದು ಬರುವುದು ಇದೇ ಕಾರಣಕ್ಕೆ. ಮದ್ದು ಕೆಲಸ ಮಾಡಬೇಕಾದರೆ ಬಿರುಕು ಇಳಿಯುವುದಕ್ಕಿಂತ ಆಳಕ್ಕೆ ಅದು ಇಳಿದಿರಬೇಕು.

ಅಷ್ಟು ಆಳಕ್ಕೆ ಇಳಿಸುವ ಉಪಾಯಕ್ಕೆ 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಪೇಟೆಂಟ್ ಪಡೆದ. ಮರವನ್ನು ಉಕ್ಕಿನ ದೊಡ್ಡ ಉರುಳೆಯೊಳಗೆ ತುಂಬಿ ಬಾಗಿಲು ಮುಚ್ಚಬೇಕು. ಮೊದಲು ಗಾಳಿಯನ್ನು ಎಳೆದು ತೆಗೆಯಬೇಕು, ಆಮೇಲೆ ದ್ರಾವಣ ಬಿಟ್ಟು ಒತ್ತಡ ಹಾಕಬೇಕು. ಮರದ ಕೋಶಗಳಲ್ಲಿದ್ದ ಗಾಳಿಯ ಜಾಗವನ್ನು ದ್ರಾವಣ ತುಂಬಿಕೊಳ್ಳುತ್ತದೆ. ಇವತ್ತಿಗೂ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ ಕ್ರಮ. ಬೆಥೆಲ್ ಬಳಸಿದ್ದು ಕಲ್ಲಿದ್ದಲ ಟಾರಿನಿಂದ ಬರುವ ಕ್ರಿಯೋಸೋಟ್ ಎಣ್ಣೆ. ರೈಲ್ವೆಯ ಹಳೆಯ ಮರದ ಸ್ಲೀಪರುಗಳ ಕಪ್ಪು ಬಣ್ಣ, ಬಿಸಿಲಿಗೆ ಏಳುವ ಆ ಘಾಟು, ಎರಡೂ ಅದರವೇ.

ಇದರ ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ನಮ್ಮ ದೇಶದವರು ಎಂಬುದು ನಮ್ಮ ಎಷ್ಟೋ ವಿಜ್ಞಾನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿಸಿದ ನೀರಿನ ದ್ರಾವಣವೊಂದನ್ನು ರೂಪಿಸಿದರು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ತಡೆಯುತ್ತದೆ. ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಅಂಟಿಸಿ, ಮಳೆಗೆ ತೊಳೆದುಹೋಗದಂತೆ ಹಿಡಿದಿಡುತ್ತದೆ. ನೀರಿನಲ್ಲಿ ಕರಗಿ ಒಳಗೆ ಹೋದದ್ದು ನೀರಿನಲ್ಲಿ ಕರಗದ ಹಾಗೆ ಒಳಗೇ ಕೂರಬೇಕು ಎಂಬ ಕಷ್ಟದ ಲೆಕ್ಕವನ್ನು ಕಾಮೇಶಂ ಬಿಡಿಸಿದ್ದರು. ಸಿಸಿಎ ಎಂಬ ಹೆಸರಿನಲ್ಲಿ ಆ ಮದ್ದು ಲೋಕವೆಲ್ಲ ಹರಡಿತು. ವಿದ್ಯುತ್ ಕಂಬ, ಬಂದರಿನ ಕಟ್ಟೆ, ಅಮೆರಿಕದ ಮಕ್ಕಳ ಆಟದ ಅಂಗಳ, ಎಲ್ಲ ಕಡೆಗೂ ಹಸಿರು ಛಾಯೆಯ ಈ ಮರ ಹೋಯಿತು.

ಹೋಗಬಾರದ ಕಡೆಗೂ ಹೋಯಿತು ಎಂಬ ಆತಂಕ ಹುಟ್ಟಿದ್ದು ಆ ಆಟದ ಅಂಗಳಗಳಿಂದಲೇ. ಆರ್ಸೆನಿಕ್ ಎಷ್ಟೇ ಅಂಟಿಕೊಂಡಿದ್ದರೂ ಮರದ ಮೇಲ್ಮೈಯಿಂದ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತದೆ. ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು ನಿಂತಿತು. ಯುರೋಪಿನ ಒಕ್ಕೂಟದಲ್ಲಿ 2004ರಿಂದ ಕಟ್ಟುನಿಟ್ಟಾದ ಮಿತಿ ಬಂತು. ಮರಕ್ಕೆ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ ಪೆಂಟಾಕ್ಲೋರೋಫಿನಾಲ್‌ನ ಕತೆಯೂ ಹೀಗೆಯೇ. ಜರ್ಮನಿ 1989ರಲ್ಲಿ ನಿಷೇಧಿಸಿತು, ಭಾರತ 1991ರಲ್ಲಿ. 2015ರಲ್ಲಿ ಅದು ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ನಮ್ಮಲ್ಲಿ ಸಿಸಿಎ ಬಳಕೆ ಇನ್ನೂ ನಿಂತಿಲ್ಲ. ಆದರೆ ಹೊರದೇಶದಿಂದ ಬರುವ ಟ್ರೀಟೆಡ್ ಪೈನ್ ಮರದಲ್ಲಿ ಬಹಳಷ್ಟು ಬೇರೆ ಮದ್ದಿನದು: ಆರ್ಸೆನಿಕ್ ಇಲ್ಲ, ಕ್ರೋಮಿಯಂ ಇಲ್ಲ, ತಾಮ್ರ ಇದೆ, ತಾಮ್ರದ ಜೊತೆಗೆ ಟೆಬುಕೊನಜೋಲ್, ಪ್ರೊಪಿಕೊನಜೋಲ್‌ಗಳಂಥ ಸಾವಯವ ಸಂಯುಕ್ತಗಳಿವೆ.

ಈ ಹೆಸರುಗಳನ್ನು ಕೇಳುತ್ತಲೇ ಸಭೆಯಲ್ಲಿರುವ ಅಡಿಕೆ ಬೆಳೆಗಾರರು ತಲೆ ಎತ್ತಿದ್ದನ್ನು ಗಮನಿಸಿದೆ. ಹೌದು, ಅವೇ. ಎಲೆಚುಕ್ಕೆ ರೋಗಕ್ಕೆ ಹೊಡೆಯಿರಿ ಎಂದು ಕೃಷಿ ವಿಜ್ಞಾನಿಗಳು ಬರೆದುಕೊಟ್ಟ ಔಷಧಿಗಳೇ ಇವು. ಅಡಿಕೆ ತೋಟದ ಚರಿತ್ರೆ ಮತ್ತು ಮರದ ಮದ್ದಿನ ಚರಿತ್ರೆ ಒಂದೇ ದಾರಿಯಲ್ಲಿ ನಡೆದಿವೆ. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. ಮೈಲುತುತ್ತು ಮತ್ತು ಸುಣ್ಣ. ಕೆಲಸ ಮಾಡುವುದು ಅದರಲ್ಲಿರುವ ತಾಮ್ರ. ಶತಮಾನ ಕಳೆದ ಮೇಲೆ ಬೇರೆ ರೋಗ ಬಂತು, ತಾಮ್ರದ ಪಕ್ಕಕ್ಕೆ ಟೆಬುಕೊನಜೋಲ್, ಪ್ರೊಪಿಕೊನಜೋಲ್‌ನಂಥ ಅಜೋಲ್‌ಗಳು ಬಂದವು. ಮರಕ್ಕೂ ಮೊದಲು ತಾಮ್ರ, ಈಗ ತಾಮ್ರದ ಜೊತೆ ಅಜೋಲ್.

ಮರದಲ್ಲಿ ಅಜೋಲ್ ಏಕೆ ಬೇಕಾಯಿತು? ತಾಮ್ರಕ್ಕೆ ಜಗ್ಗದ ಬೂಷ್ಟುಗಳಿವೆ. ಮರವನ್ನು ಕಂದಾಗಿಸಿ, ಚೌಕ ಚೌಕವಾಗಿ ಬಿರಿಯುವಂತೆ ಕೊಳೆಸುವ ಕೆಲವು ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲವನ್ನು ಹೊರಬಿಡುತ್ತವೆ. ಆ ಆಮ್ಲ ತಾಮ್ರದ ಜೊತೆ ಕೂಡಿ ತಾಮ್ರದ ಆಕ್ಸಲೇಟ್ ಆಗುತ್ತದೆ. ನೀರಿನಲ್ಲಿ ಕರಗದ ಈ ಲವಣ ಶಿಲೀಂಧ್ರಕ್ಕೆ ಏನೂ ಮಾಡುವುದಿಲ್ಲ. ತಾಮ್ರ ಅಲ್ಲೇ ಇರುತ್ತದೆ, ಅಳೆದರೆ ಸಿಗುತ್ತದೆ, ಆದರೆ ಕೆಲಸಕ್ಕೆ ಬಾರದ ರೂಪದಲ್ಲಿ. ಆ ಸಂದಿಯನ್ನು ಕಾಯಲೆಂದೇ ಅಜೋಲ್ ಸೇರಿಸುವುದು. ಇಷ್ಟು ಗೊತ್ತಾದರೆ ತಾಮ್ರವನ್ನು ಮಾತ್ರ ಅಳೆದು ಮರ ಸರಿಯಿದೆ ಎನ್ನುವುದು ಏಕೆ ಸಾಲದು ಎಂಬುದೂ ಗೊತ್ತಾಗುತ್ತದೆ.

ಸುಲಭದ ಪರೀಕ್ಷೆಗಳಿವೆ, ಅವನ್ನು ನಾನು ಬಹಳ ಮೆಚ್ಚುತ್ತೇನೆ. ಒಂದು ಬೋರಾನ್‌ಗೆ. ರಬ್ಬರ್ ಮರಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ, ಅದರಲ್ಲಿ ಪಿಷ್ಟ ಜಾಸ್ತಿ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ಬೆಳೆದವರಿಗೆ ಇದು ಗೊತ್ತು. ಅದಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರ ಮಾಡುತ್ತಾರೆ. ಒಳಗೆ ಬೋರಾನ್ ಹೋಗಿದೆಯೋ ಇಲ್ಲವೋ ನೋಡಲು ಮರವನ್ನು ಅಡ್ಡಕ್ಕೆ ಕೊಯ್ದು, ಒಣಗಿದ ಮೇಲೆ ಮೊದಲು ಅರಿಶಿನದ ಆಲ್ಕೋಹಾಲ್ ಕಷಾಯವನ್ನು, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲ ಬೆರೆತ ದ್ರಾವಣವನ್ನು ಸಿಂಪಡಿಸಬೇಕು. ಬೋರಾನ್ ಇದ್ದಲ್ಲಿ ಹಳದಿ ಹೋಗಿ ಕೆಂಪಾಗುತ್ತದೆ, ಇಲ್ಲದಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದು ಕೆಂಪಾಗುವುದು ಕ್ಷಾರದಿಂದ. ಇಲ್ಲಿ ಆಮ್ಲದಲ್ಲೇ ಕೆಂಪಾಗುತ್ತದೆ, ಅರಿಶಿನದ ಕರ್ಕ್ಯುಮಿನ್ ಬೋರಾನ್ ಜೊತೆ ಕಟ್ಟಿಕೊಳ್ಳುವುದರಿಂದ. ನಮ್ಮ ಅಡುಗೆಮನೆಯ ಪುಡಿ ದೇಶವಿದೇಶಗಳ ಮರದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುತ್ತಿದೆ.

ತಾಮ್ರಕ್ಕೆ ಕ್ರೋಮ್ ಅಜುರಾಲ್ ಎಸ್ ಎಂಬ ಬಣ್ಣವಿದೆ. ಅಡ್ಡಕ್ಕೆ ಕೊಯ್ದ ಮುಖಕ್ಕೆ ಸಿಂಪಡಿಸಿದರೆ ತಾಮ್ರ ಇರುವಷ್ಟು ಭಾಗ ಕಡುನೀಲಿಯಾಗುತ್ತದೆ. ಪೈನ್ ಹಲಗೆಯ ಹೊರಗಿನ ಬಿಳಿಭಾಗದಲ್ಲಿ ನೀಲಿ ಹರಡಿ, ಚೇಗಿನ ಅಂಚಿಗೆ ಬಂದು ಗೆರೆ ಎಳೆದ ಹಾಗೆ ನಿಂತಿರುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಚೇಗು ಮದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪೈನ್‌ನಲ್ಲಿ ಅಷ್ಟೇ ಅಲ್ಲ, ತೇಗದಲ್ಲೂ ನೀಲಗಿರಿಯಲ್ಲೂ ಇದೇ ಕತೆ.

ಈ ಪರೀಕ್ಷೆಗಳು ಮದ್ದು ಎಲ್ಲಿದೆ ಎಂದು ಹೇಳುತ್ತವೆ, ಎಷ್ಟಿದೆ ಎಂದು ಹೇಳುವುದಿಲ್ಲ. ಎಷ್ಟು ಎಂಬುದಕ್ಕೆ, ಲೋಹಗಳ ಮಟ್ಟಿಗೆ, ಎಕ್ಸ್‌ರೇ ಪ್ರತಿದೀಪ್ತಿ ಯಂತ್ರ ಸಾಕು. ಮರದ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಇಟ್ಟರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ನಿಮಿಷಗಳಲ್ಲಿ ಹೇಳಿಬಿಡುತ್ತದೆ. ಆದರೆ ಟೆಬುಕೊನಜೋಲ್ ಎಂದರೆ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ, ಜೊತೆಗೊಂದು ಕ್ಲೋರಿನ್ ಪರಮಾಣು. ಮರವೂ ಬಹುಪಾಲು ಇವೇ ಧಾತುಗಳಿಂದ ಆದದ್ದು. ಧಾತುಗಳನ್ನು ಎಣಿಸುವ ಯಂತ್ರಕ್ಕೆ ಮರದೊಳಗಿನ ಅಜೋಲ್ ಕಾಣುವುದೇ ಇಲ್ಲ. ಅದರ ಅಣುವನ್ನು ಇಡಿಯಾಗಿ ಹೊರಗೆ ತಂದು, ಉಳಿದ ಅಣುಗಳಿಂದ ಬೇರ್ಪಡಿಸಿ, ಒಂಟಿಯಾಗಿ ನಿಲ್ಲಿಸಿ ಎಣಿಸಬೇಕು. ದ್ರವ ಕ್ರೊಮಾಟೋಗ್ರಫಿಯ ಕೆಲಸ ಅದು.

ಈ ವಿದ್ಯೆ ಹುಟ್ಟಿದ್ದು ಗಿಡದ ಎಲೆಯಿಂದ. 1903ರ ಸುಮಾರಿಗೆ ವಾರ್ಸಾದಲ್ಲಿದ್ದ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಎಲೆಯ ರಸವನ್ನು ಇಳಿಬಿಟ್ಟ. ಒಂದೇ ಹಸಿರಾಗಿದ್ದ ರಸ ಹಸಿರು, ಹಳದಿ ಪಟ್ಟಿಗಳಾಗಿ ಬೇರ್ಪಟ್ಟಿತು. ಆತ ಬದುಕಿದ್ದಾಗ ಇದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಇಂಗ್ಲೆಂಡಿನ ಲೀಡ್ಸ್‌ನ ಉಣ್ಣೆ ಸಂಶೋಧನಾಲಯದಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1941ರಲ್ಲಿ ಅದಕ್ಕೆ ಹೊಸ ರೂಪ ಕೊಟ್ಟರು, 1952ರಲ್ಲಿ ನೊಬೆಲ್ ಪಡೆದರು. 1960ರ ದಶಕದಲ್ಲಿ ಪಂಪು, ಒತ್ತಡ, ಅತಿ ಸಣ್ಣ ಕಣಗಳು ಸೇರಿ ಇಂದಿನ ಒತ್ತಡದ ದ್ರವ ಕ್ರೊಮಾಟೋಗ್ರಫಿ, ಅಂದರೆ ಎಚ್‌ಪಿಎಲ್‌ಸಿ ಆಯಿತು. ಹಸಿರೆಲೆ, ಕುರಿಯ ಉಣ್ಣೆ, ಈಗ ಮರದ ಪುಡಿ.

ಯಂತ್ರದೊಳಗೆ ನಡೆಯುವುದನ್ನು ಊರಜಾತ್ರೆಯ ಬೀದಿಯಂತೆ ಕಲ್ಪಿಸಿಕೊಳ್ಳಿ. ಬೀದಿಯ ಒಂದು ತುದಿಯಿಂದ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಯಾವ ಅಂಗಡಿಯ ಗೊಡವೆಯೂ ಇಲ್ಲದವರು ಮೊದಲು ದಾಟುತ್ತಾರೆ, ಅಂಗಡಿ ಅಂಗಡಿಗೂ ನಿಲ್ಲುವವರು ತಡವಾಗಿ ಬರುತ್ತಾರೆ. ಆ ಬೀದಿ ಎಂದರೆ ಕಾಲಮ್ ಎಂಬ ಉಕ್ಕಿನ ಸಣ್ಣ ಕೊಳವೆ. ಸಾಮಾನ್ಯವಾಗಿ 250 ಮಿಲಿಮೀಟರ್ ಉದ್ದ, ಒಳವ್ಯಾಸ 4.6 ಮಿಲಿಮೀಟರ್. ಒಳಗೆ 5 ಮೈಕ್ರೋಮೀಟರ್ ಗಾತ್ರದ ಸಿಲಿಕಾ ಕಣಗಳು, ಪ್ರತಿ ಕಣದ ಮೈಮೇಲೆ 18 ಇಂಗಾಲಗಳ ಎಣ್ಣೆಗುಣದ ಎಳೆಗಳು. ಅಸಿಟೋನೈಟ್ರೈಲ್ ಮತ್ತು ನೀರಿನ ಮಿಶ್ರಣವನ್ನು ಪಂಪು ಒತ್ತಿ ಹರಿಸುತ್ತದೆ. ಮರದ ಕಂದು ಟ್ಯಾನಿನ್‌ಗಳು ನೀರಿನ ಕಡೆಯವು, ಬೇಗ ಹೊರಬೀಳುತ್ತವೆ. ಟೆಬುಕೊನಜೋಲ್ ಎಣ್ಣೆಯ ಕಡೆಯದು, ನಿಂತು ನಿಂತು ಬರುತ್ತದೆ. ಕೊನೆಯಲ್ಲಿ ಅತಿನೇರಳೆ ಬೆಳಕಿನ ಡಿಟೆಕ್ಟರ್ ಇರುತ್ತದೆ, 220ರಿಂದ 225 ನ್ಯಾನೋಮೀಟರ್ ಆಸುಪಾಸಿನಲ್ಲಿ. ಅಣುಗಳು ಅದರ ಮುಂದೆ ಹಾಯುವಾಗ ಬೆಳಕು ಹೀರಿಕೊಳ್ಳುತ್ತವೆ, ಪರದೆಯ ಮೇಲೆ ಒಂದು ಪೀಕ್ ಏಳುತ್ತದೆ. ಪೀಕ್ ಎದ್ದ ಹೊತ್ತು ಆ ಅಣು ಯಾವುದು ಎಂದು ಹೇಳುತ್ತದೆ, ಪೀಕ್‌ನ ಕೆಳಗಿನ ವಿಸ್ತೀರ್ಣ ಎಷ್ಟು ಎಂದು ಹೇಳುತ್ತದೆ.

ಪ್ರೊಪಿಕೊನಜೋಲ್ ಮಾತ್ರ ಒಂದು ಪೀಕ್ ಕೊಡುವುದಿಲ್ಲ. ಒತ್ತಿಕೊಂಡು ನಿಂತ ಜೋಡಿ ಪೀಕ್‌ಗಳಾಗಿ ಬರುತ್ತದೆ. ಅದರ ಅಣುವಿಗೆ ಪರಮಾಣುಗಳ ಜೋಡಣೆ ಒಂದೇ ಆಗಿದ್ದು ಮೂರು ಆಯಾಮದಲ್ಲಿ ತಿರುಗಿ ನಿಂತ ರೀತಿ ಬೇರೆಯಾದ ರೂಪಗಳಿವೆ, ಕಾಲಮ್ ಅವನ್ನು ಬೇರೆ ಮಾಡಿಬಿಡುತ್ತದೆ. ಹೊಸದಾಗಿ ಪ್ರಯೋಗಾಲಯಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಎರಡನೆಯದನ್ನು ಬೇರೇನೋ ಕಸ ಎಂದು ಬಿಟ್ಟರೆ ಮರದಲ್ಲಿ ಮದ್ದು ಕಡಿಮೆ ಇದೆ ಎಂಬ ವರದಿ ಹೋಗುತ್ತದೆ, ಸರಿಯಾಗಿ ಕೆಲಸ ಮಾಡಿದ ಕಾರ್ಖಾನೆಯ ಮರ ವಾಪಸಾಗುತ್ತದೆ.

ಪ್ರಮಾಣ ಎಷ್ಟು ಸಣ್ಣದು ಎಂಬುದಕ್ಕೆ ಒಂದು ಲೆಕ್ಕ. ತಾಮ್ರ–ಅಜೋಲ್ ಮದ್ದಿನ ಒಂದು ಬಗೆಯಲ್ಲಿ ತಾಮ್ರ ಶೇ. 96.1, ಟೆಬುಕೊನಜೋಲ್ ಶೇ. 3.9. ನೆಲಕ್ಕೆ ತಾಗುವ ಮರದಲ್ಲಿ ಎರಡೂ ಸೇರಿ ಒಂದು ಘನಮೀಟರಿಗೆ 3.3 ಕಿಲೋ ಇರಬೇಕು ಎಂಬುದು ಅಮೆರಿಕದ ಮಾನಕ. ಅಂದರೆ ಟೆಬುಕೊನಜೋಲ್ ಪಾಲಿಗೆ ಸುಮಾರು 129 ಗ್ರಾಂ. ಘನಮೀಟರಿಗೆ 500 ಕಿಲೋ ತೂಗುವ ಪೈನ್ ಎಂದುಕೊಂಡರೆ ಕಿಲೋ ಮರಕ್ಕೆ 257 ಮಿಲಿಗ್ರಾಂ. ಎರಡು ಗ್ರಾಂ ಪುಡಿಯಲ್ಲಿ ಅರ್ಧ ಮಿಲಿಗ್ರಾಂ ಚಿಲ್ಲರೆ. ಅದನ್ನು 50 ಮಿಲಿಲೀಟರ್ ಮೆಥನಾಲಿಗೆ ಇಳಿಸಿ, ಅದರಲ್ಲಿ 20 ಮೈಕ್ರೋಲೀಟರ್ ಯಂತ್ರಕ್ಕೆ ಕೊಟ್ಟರೆ ಕಾಲಮ್ ಒಳಗೆ ಹೋಗುವ ಟೆಬುಕೊನಜೋಲ್ 0.2 ಮೈಕ್ರೋಗ್ರಾಂ, ಒಂದು ಗ್ರಾಮಿನ 50 ಲಕ್ಷದಲ್ಲೊಂದು ಪಾಲು. ಯಂತ್ರಕ್ಕೆ ಇಷ್ಟು ಧಾರಾಳವಾಗಿ ಸಾಕು. ಅದು ಇನ್ನೂ ಕಡಿಮೆಯನ್ನೂ ನೋಡಬಲ್ಲದು. ಈ ನಿಖರತೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ದಶಮಾಂಶದ ಮೂರು ಸ್ಥಾನದವರೆಗೆ ಅಚ್ಚಾದ ಸಂಖ್ಯೆಯನ್ನು ನೋಡಿದವರು ಅದು ಮರದ ಬಗ್ಗೆ ಅಷ್ಟೇ ನಿಖರ ಎಂದು ನಂಬುತ್ತಾರೆ. ಅದು ಬಾಟಲಿಯ ದ್ರಾವಣದ ಬಗ್ಗೆ ಅಷ್ಟು ನಿಖರ. ಮರದಿಂದ ಬಾಟಲಿಯವರೆಗಿನ ದಾರಿಯನ್ನು ಈಗ ನೋಡೋಣ.

ಮೊದಲು ಬೈರಿಗೆ. ಟೊಳ್ಳು ಬೈರಿಗೆಯಿಂದ ಪೆನ್ಸಿಲ್ ಗಾತ್ರದ ಮರದ ಕಡ್ಡಿಯನ್ನು ತೆಗೆಯುತ್ತೇವೆ. ಮದ್ದು ಹೊರಮೈಯಲ್ಲಿ ದಟ್ಟ, ಒಳಗೆ ಹೋದಂತೆ ತೆಳು. ಹಾಗಾಗಿ ಮಾನಕಗಳು ಹೊರಗಿನಿಂದ ಇಂತಿಷ್ಟು ಆಳದವರೆಗಿನ ಭಾಗವನ್ನೇ ಅಳೆಯಬೇಕು ಎನ್ನುತ್ತವೆ. ಹಲಗೆಗಳಿಗೆ ಸುಮಾರು 15 ಮಿಲಿಮೀಟರ್. ಕಡ್ಡಿಯನ್ನು 5 ಮಿಲಿಮೀಟರಿಗೇ ಕತ್ತರಿಸಿದರೆ ಸಂಖ್ಯೆ ಉಬ್ಬುತ್ತದೆ, 25ಕ್ಕೆ ಕತ್ತರಿಸಿದರೆ ಇಳಿಯುತ್ತದೆ. ಮರ ಅದೇ, ಯಂತ್ರ ಅದೇ. ತಾಮ್ರ ಮತ್ತು ಅಜೋಲ್ ಒಂದೇ ಆಳಕ್ಕೆ ಹೋಗಿರಬೇಕು ಎಂದೇನೂ ಇಲ್ಲ. ಒಂದು ನೀರಿನಲ್ಲಿ ಕರಗಿದ ರೂಪದಲ್ಲಿ ಹೋಗುತ್ತದೆ, ಇನ್ನೊಂದು ಸಣ್ಣ ಸಣ್ಣ ಹನಿಗಳಾಗಿ. ನೀಲಿ ಬಣ್ಣ ಬಂದ ಆಳವೆಲ್ಲ ಅಜೋಲ್ ಇರುವ ಆಳ ಎಂದುಕೊಳ್ಳುವಂತಿಲ್ಲ.

ಎರಡನೆಯದು ಎಷ್ಟು ಮರಗಳಿಂದ ಎಂಬುದು. ಉರುಳೆಗೆ ಒಮ್ಮೆ ತುಂಬುವ ಲೋಡಿನ 20 ಮರಗಳಿಂದ ಕಡ್ಡಿ ತೆಗೆದು, ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿ ಒಂದು ಸಂಖ್ಯೆ ಕೊಡುವುದು ರೂಢಿ. ಖರ್ಚಿನ ದೃಷ್ಟಿಯಿಂದ ಅದು ಸರಿ. ಆದರೆ ಹತ್ತರಲ್ಲಿ ಬೇಕಾದ್ದರ ಎರಡರಷ್ಟು, ಇನ್ನು ಹತ್ತರಲ್ಲಿ ಏನೂ ಇಲ್ಲ ಎಂದಿಟ್ಟುಕೊಳ್ಳಿ, ಸರಾಸರಿ ಸರಿಯಾಗಿಯೇ ಬರುತ್ತದೆ. ಆ ಹತ್ತು ಹಲಗೆ ಯಾರ ಮನೆಗೆ ಹೋದವೋ ಅವರ ಮನೆಯಲ್ಲಿ ಸರಾಸರಿ ಇರುವುದಿಲ್ಲ. ಅದಕ್ಕೇ ಪುಡಿ ಮಾಡುವ ಮುನ್ನ ಪ್ರತಿ ಕಡ್ಡಿಗೂ ಬಣ್ಣದ ಪರೀಕ್ಷೆ ಮಾಡಬೇಕೆಂದು ನಾನು ಹಟ ಹಿಡಿಯುವುದು. ಬಣ್ಣ ತಾಗಿದ ಕಡ್ಡಿಯನ್ನು ರಾಸಾಯನಿಕ ಪರೀಕ್ಷೆಗೆ ಹಾಕುವಂತಿಲ್ಲ, ಪಕ್ಕದಲ್ಲೇ ಇನ್ನೊಂದು ತೆಗೆಯಬೇಕು. ಕೆಲಸ ಹೆಚ್ಚಾಗುತ್ತದೆ, ಆಗಲಿ.

ಮೂರನೆಯದು ತೂಕ. ಯಂತ್ರದ ಲೆಕ್ಕ ಬರುವುದು ಕಿಲೋ ಮರಕ್ಕೆ ಇಷ್ಟು ಮಿಲಿಗ್ರಾಂ ಎಂದು. ಮಾನಕ ಕೇಳುವುದು ಘನಮೀಟರಿಗೆ ಎಷ್ಟು ಎಂದು. ನಡುವೆ ಮರದ ಸಾಂದ್ರತೆ ಇದೆ. ಘನಮೀಟರಿಗೆ 600 ಕಿಲೋ ತೂಗುವ ಮರವನ್ನು ಪುಸ್ತಕ ನೋಡಿ 500 ಎಂದು ಬರೆದುಕೊಂಡರೆ ಉತ್ತರದಲ್ಲಿ ಆರರಲ್ಲೊಂದು ಪಾಲು ಮಾಯವಾಗುತ್ತದೆ. ಕಡ್ಡಿಯ ಉದ್ದ, ವ್ಯಾಸ ಅಳೆದು, ಒಣಗಿಸಿ ತೂಗಿದರೆ ಮುಗಿಯುವ ಕೆಲಸ ಅದು.

ಈಗ ಬಾಟಲಿ. ಎಲ್ಲಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ಇಲ್ಲಿ. ಮರದ ಪುಡಿಗೆ ಮೆಥನಾಲ್ ಹಾಕಿ, ಶ್ರವಣಾತೀತ ಕಂಪನದ ತೊಟ್ಟಿಯಲ್ಲಿ ಇಟ್ಟು ಅಜೋಲನ್ನು ಹೊರಗೆ ಎಳೆಯುತ್ತೇವೆ. ಎಲ್ಲವೂ ಹೊರಬಂತೇ ಎಂದು ಪರೀಕ್ಷಿಸುವ ವಾಡಿಕೆಯ ಕ್ರಮ ಹೀಗಿದೆ: ಮದ್ದಿಲ್ಲದ ಮರದ ಪುಡಿಗೆ ಗೊತ್ತಿರುವಷ್ಟು ಟೆಬುಕೊನಜೋಲ್ ಸೇರಿಸಿ, ತೆಗೆದು, ಎಷ್ಟು ವಾಪಸು ಬಂತು ನೋಡುವುದು. ಹೆಚ್ಚಿನಂಶ ಪೂರ್ತಿಗೆ ಹತ್ತಿರ ಬರುತ್ತದೆ. ವರದಿಯಲ್ಲಿ ಅದನ್ನು ಬರೆದುಕೊಂಡು ನಿಶ್ಚಿಂತರಾಗುತ್ತೇವೆ. ಆದರೆ ಹನಿಸಿದ ಮದ್ದು ಪುಡಿಯ ಹೊರಮೈಯಲ್ಲಿ ಕೂತಿರುತ್ತದೆ. ಕಾರ್ಖಾನೆಯಲ್ಲಿ ಒತ್ತಡದಿಂದ ತಳ್ಳಿದ ಮದ್ದು, ಅದರಲ್ಲೂ ಹತ್ತು ಮಳೆಗಾಲ ಕಂಡ ಕಂಬದಲ್ಲಿರುವ ಮದ್ದು, ಕೋಶದ ಗೋಡೆಯೊಳಗೆ ಲಿಗ್ನಿನ್ ಜೊತೆ ಸೇರಿಕೊಂಡಿರುತ್ತದೆ. ಮೊದಲನೆಯದು ಸುಲಭಕ್ಕೆ ಬಂತೆಂದರೆ ಎರಡನೆಯದೂ ಬರುತ್ತದೆ ಎಂಬ ಭರವಸೆ ಇಲ್ಲ. ದಾರಿ ಒಂದೇ. ನಿಜವಾಗಿ ಟ್ರೀಟ್ ಮಾಡಿದ ಮರದ ಪುಡಿಯನ್ನೇ ತೆಗೆದುಕೊಂಡು, ಒಮ್ಮೆ ಮೆಥನಾಲಿನಲ್ಲಿ ಎಳೆದು, ಸೋಸಿ, ಅದೇ ಪುಡಿಗೆ ಮತ್ತೆ ಹೊಸ ಮೆಥನಾಲ್ ಹಾಕಿ ಎಳೆಯಬೇಕು. ಮೂರನೆಯ ಸಲಕ್ಕೂ ಪೀಕ್ ಏಳುತ್ತಿದ್ದರೆ ಮೊದಲ ಸಲದ ಉತ್ತರ ಅಪೂರ್ಣ ಎಂದು ತಿಳಿಯಬೇಕು. ಪುಡಿ ಇನ್ನೂ ನುಣ್ಣಗೆ ಬೇಕೇ, ಹೊತ್ತು ಹೆಚ್ಚು ಬೇಕೇ, ಮರದಲ್ಲಿದ್ದ ತೇವ ಅಡ್ಡ ಬಂತೇ ಎಂದು ಒಂದೊಂದಾಗಿ ನೋಡಬೇಕು.

ಮೆಥನಾಲಿಗೆ ಬರುವುದು ಅಜೋಲ್ ಒಂದೇ ಅಲ್ಲ ಎಂಬುದು ಇನ್ನೊಂದು ತೊಡಕು. ಮರ ತನ್ನನ್ನು ತಾನು ಕಾಯಲು ಮಾಡಿಕೊಂಡ ನೂರಾರು ವಸ್ತುಗಳು ಕೂಡ ಬರುತ್ತವೆ. ಹೊನ್ನೆ ಮರದ ಚಕ್ಕೆಯನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿದು ನೋಡಿದವರಿಗೆ ಆ ನೀಲಿ ಹೊಳಪು ನೆನಪಿರಬಹುದು. ಮತ್ತಿಯಲ್ಲಿ ಟ್ಯಾನಿನ್, ತೇಗದಲ್ಲಿ ಕ್ವಿನೋನ್‌ಗಳು, ಪೈನಿನಲ್ಲಿ ರಾಳದ ಆಮ್ಲಗಳು. 225 ನ್ಯಾನೋಮೀಟರ್‌ನಲ್ಲಿ ಇವುಗಳಲ್ಲಿ ಬಹಳಷ್ಟು ಬೆಳಕು ಹೀರುತ್ತವೆ. ಟೆಬುಕೊನಜೋಲ್ ಬರುವ ಹೊತ್ತಿಗೇ ಇವುಗಳಲ್ಲೊಂದು ಬಂದರೆ ಎರಡರ ಪೀಕ್ ಸೇರಿ ಮದ್ದು ಜಾಸ್ತಿ ಇರುವಂತೆ ಕಾಣುತ್ತದೆ. ಅದಕ್ಕೆ ಅದೇ ಜಾತಿಯ ಮದ್ದಿಲ್ಲದ ಮರವನ್ನು ಪಕ್ಕದಲ್ಲಿ ನಡೆಸಿ ಹೋಲಿಸಬೇಕು. ಹಳೆಯ ಕಟ್ಟಡದ ತೊಲೆಗೆ ಮದ್ದಿಲ್ಲದ ಜೋಡಿಯನ್ನು ಎಲ್ಲಿಂದ ತರುವುದು? ಅದೇ ತೊಲೆಯ ಒಳಭಾಗದಿಂದ ತೆಗೆದರಾಯಿತು ಎನ್ನುತ್ತಾರೆ. ಒಳಭಾಗ ಚೇಗು, ಹೊರಭಾಗ ಬಿಳಿಮರ. ಎರಡರ ರಸಾಯನವೇ ಬೇರೆ, ಹಾಗಾಗಿ ಆ ಹೋಲಿಕೆ ನಿಲ್ಲುವುದಿಲ್ಲ. ಅಂಥ ಕಡೆ ಬೆಳಕಿನ ಡಿಟೆಕ್ಟರನ್ನು ನಂಬದೆ ಅಣುವಿನ ತೂಕವನ್ನೇ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುವುದು ವಾಸಿ. ದುಬಾರಿ ಹೌದು, ಆದರೆ ಸಂದೇಹ ಉಳಿಯುವುದಿಲ್ಲ.

ಸಕಲೇಶಪುರದ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ತಮ್ಮ ಜಗಲಿಗೆ ಹಾಕಿಸಿದ್ದ ಪೈನ್ ಹಲಗೆಯ ತುಂಡು ಹಿಡಿದುಕೊಂಡು ಬಂದಿದ್ದರು. “ಸರ್, ಸರ್ಟಿಫಿಕೇಟ್ ಸರಿಯಾಗೇ ಇದೆ. ಮರ ಮಾತ್ರ ಹೋಯ್ತು” ಎಂದರು. ಹಲಗೆಯ ನಡುಭಾಗದಿಂದ ತೆಗೆದ ಕಡ್ಡಿಗಳಲ್ಲಿ ತಾಮ್ರವೂ ಟೆಬುಕೊನಜೋಲೂ ಇರಬೇಕಾದಷ್ಟು ಇದ್ದವು. ಕೊಳೆತದ್ದು ತುದಿಗಳು. ತುದಿಯನ್ನು ಕೊಯ್ದು ಕ್ರೋಮ್ ಅಜುರಾಲ್ ಸಿಂಪಡಿಸಿದಾಗ ಸುತ್ತ ನೀಲಿ ಚೌಕಟ್ಟು, ನಡುವೆ ಬಣ್ಣ ಏರದ ಚೇಗು. ಬಡಗಿ ಅಳತೆಗೆ ಹಲಗೆಯನ್ನು ಕೊಯ್ದಾಗ ಮದ್ದು ತಾಗದ ಚೇಗು ತೆರೆದುಕೊಂಡಿತ್ತು. ತೊಲೆಯ ಮೇಲೆ ಕೂತ ಆ ತುದಿಯಲ್ಲಿ ಮಳೆನೀರು ಆರುತ್ತಿರಲಿಲ್ಲ. ಮಾರಿದವರು ಕೊಟ್ಟ ಸಂಖ್ಯೆಯೂ ನಿಜ, ಮರ ಕೊಳೆತದ್ದೂ ನಿಜ. ಕೊಯ್ದ ತುದಿಗಳಿಗೆ ತಾಮ್ರದ ನ್ಯಾಫ್ತನೇಟ್ ಬಳಿದಿದ್ದರೆ ಆ ಹಲಗೆಗಳು ಬಹಳ ವರ್ಷ ಬಾಳುತ್ತಿದ್ದವು. ಇದನ್ನು ಬಡಗಿಗೆ ಹೇಳಿದವರೇ ಇಲ್ಲ. ಬಡಗಿಗಳಿಗೆ ಹೇಳಿದರೆ ತಪ್ಪದೆ ಮಾಡುತ್ತಾರೆ ಎಂಬುದು ನನ್ನ ಅನುಭವ.

ಸರ್ಕಾರಿ ಟೆಂಡರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಟ್ರೀಟ್ ಮಾಡಿದ ಮರವೇ ಆಗಿರಬೇಕು’ ಎಂಬ ಒಂದು ಸಾಲಿನಿಂದ ಏನೂ ಆಗುವುದಿಲ್ಲ. ಯಾವ ಮದ್ದು, ಘನಮೀಟರಿಗೆ ಎಷ್ಟು, ಎಷ್ಟು ಆಳದವರೆಗೆ ಎಂದು ಬರೆದಿರಬೇಕು. ಪರೀಕ್ಷೆಯ ಖರ್ಚಿಗೆ ಅಂದಾಜುಪಟ್ಟಿಯಲ್ಲೇ ಜಾಗ ಇರಬೇಕು. ಕಡ್ಡಿ ತೆಗೆಯುವವರು ಮಾರುವವರ ಕಡೆಯವರಾಗಿರಬಾರದು. ಪ್ರಯೋಗಾಲಯದ ವರದಿಯಲ್ಲಿ ಕೊನೆಯ ಸಂಖ್ಯೆಯ ಜೊತೆಗೆ ಎಷ್ಟು ಕಡ್ಡಿ, ಯಾವ ಆಳ, ಅಳೆದ ಸಾಂದ್ರತೆ, ಎಳೆದ ಕ್ರಮ, ಎರಡನೆಯ ಸಲ ಎಳೆದಾಗ ಏನು ಬಂತು, ಇಷ್ಟೂ ಇರಬೇಕು. ಇವಿಲ್ಲದ ವರದಿಯನ್ನು ವಾಪಸು ಕಳಿಸುವ ಅಧಿಕಾರಿ ಇದ್ದರೆ ನಮ್ಮಂಥ ಪ್ರಯೋಗಾಲಯಗಳೂ ಸುಧಾರಿಸುತ್ತವೆ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇರುವ ಊರು ನಮ್ಮ ಬೆಂಗಳೂರು. ಈ ವಿದ್ಯೆ ಬಲ್ಲವರು ನಮ್ಮ ರಾಜ್ಯದಲ್ಲಿ ಇಲ್ಲ ಎನ್ನುವಂತಿಲ್ಲ.

ಎಲ್ಲ ಮದ್ದಿಗೂ ಈ ಒಂದೇ ಬಗೆಯ ಯಂತ್ರ ಒಗ್ಗುವುದಿಲ್ಲ ಎಂಬುದನ್ನೂ ಹೇಳಿ ಮುಂದೆ ಹೋಗುತ್ತೇನೆ. ತಾಮ್ರದ ಜೊತೆ ಬಳಸುವ ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳಲ್ಲಿ ಕೆಲವಕ್ಕೆ ಬೆಳಕು ಹೀರುವ ಗುಣವೇ ಇಲ್ಲ, ಅವಕ್ಕೆ ಬೇರೆ ಡಿಟೆಕ್ಟರ್ ಬೇಕು. ಹಳೆಯ ಸಿಸಿಎ ಮರದಿಂದ ಮಣ್ಣಿಗೆ, ನೀರಿಗೆ ಇಳಿದ ಆರ್ಸೆನಿಕ್ ಯಾವ ರೂಪದಲ್ಲಿದೆ ಎಂದು ತಿಳಿಯಲೂ ದ್ರವ ಕ್ರೊಮಾಟೋಗ್ರಫಿ ಬೇಕು. ಮೂರು ವೇಲೆನ್ಸಿಯ ಆರ್ಸೆನಿಕ್ ಐದು ವೇಲೆನ್ಸಿಯದಕ್ಕಿಂತ ಹೆಚ್ಚು ವಿಷಕಾರಿ. ಕಾಲಮ್ ಅವೆರಡನ್ನು ಬೇರೆ ಮಾಡಿದ ಮೇಲೆಯೇ ಧಾತುಗಳನ್ನು ಗುರುತಿಸುವ ಡಿಟೆಕ್ಟರ್ ಎಣಿಸಬೇಕು.

ಕೊನೆಯದಾಗಿ, ಮನೆಯಲ್ಲಿ ಹಳೆಯ ಟ್ರೀಟೆಡ್ ಮರ ಇರುವವರಿಗೆ. ಸಿಸಿಎ ಮರದ ಹಸಿರು ಛಾಯೆ ಬಿಸಿಲಿಗೆ ಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹತ್ತಿಪ್ಪತ್ತು ವರ್ಷದ ಕಂಬವನ್ನು ಕಣ್ಣಿನಿಂದ ಗುರುತಿಸಲಾಗುವುದಿಲ್ಲ. ಲೈನ್ ಬದಲಾಯಿಸಿದಾಗ ಸಿಕ್ಕಿದ ಕಂಬದ ತುಂಡು, ಡೆಕ್ ಕಿತ್ತಾಗ ಉಳಿದ ಹಲಗೆ, ಇವು ನಮ್ಮಲ್ಲಿ ಸಾಮಾನ್ಯವಾಗಿ ಹೋಗುವುದು ಬಚ್ಚಲ ಹಂಡೆಯ ಒಲೆಗೆ. ದಯವಿಟ್ಟು ಹಾಕಬೇಡಿ. ಸುಟ್ಟಾಗ ಆರ್ಸೆನಿಕ್‌ನ ಒಂದು ಪಾಲು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ದಟ್ಟವಾಗಿ ಕೂರುತ್ತದೆ. ಆ ಬೂದಿ ಪಾತ್ರೆ ತಿಕ್ಕುವುದಕ್ಕೆ, ಹಿತ್ತಲಿನ ಬಸಳೆಯ ಬುಡಕ್ಕೆ ಹೋಗುತ್ತದೆ. ಯಾವ ಮದ್ದು ಎಂದು ಗೊತ್ತಿಲ್ಲದ ಹಳೆಯ ಮರವನ್ನು, ಪರೀಕ್ಷೆ ಆಗುವವರೆಗೆ, ಆರ್ಸೆನಿಕ್ ಇರುವ ಮರ ಎಂದೇ ಎಣಿಸಿ. ಕೊಯ್ಯುವುದಿದ್ದರೆ ಬಯಲಿನಲ್ಲಿ, ಮೂಗಿಗೆ ಬಟ್ಟೆ ಸಾಲದು, ಧೂಳು ತಡೆಯುವ ಮಾಸ್ಕ್ ಹಾಕಿಕೊಂಡು ಕೊಯ್ಯಿರಿ. ಕೆಳಗೆ ಟಾರ್ಪಾಲು ಹಾಸಿ ಹೊಟ್ಟನ್ನು ಪೂರ್ತಿ ಒಟ್ಟುಮಾಡಿ. ದನದ ಕೊಟ್ಟಿಗೆಗೆ ಹಾಸಲು, ಗೊಬ್ಬರದ ಗುಂಡಿಗೆ ಹಾಕಲು ಅದನ್ನು ಕೊಡಬೇಡಿ. ಎಕ್ಸ್‌ರೇ ಪ್ರತಿದೀಪ್ತಿ ಯಂತ್ರ ಇರುವ ಯಾವುದೇ ಪ್ರಯೋಗಾಲಯಕ್ಕೆ ಒಂದು ಹಿಡಿ ಹೊಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮರ ಎಲ್ಲಿತ್ತು, ಅದರ ಯಾವ ಭಾಗದಿಂದ ತೆಗೆದದ್ದು ಎಂದು ಚೀಟಿ ಬರೆದು ಕಳಿಸಿ. ಆರ್ಸೆನಿಕ್ ಇದೆಯೋ ಇಲ್ಲವೋ ಅದೇ ದಿನ ಹೇಳಬಹುದು. ಅಜೋಲ್ ಎಷ್ಟಿದೆ ಎಂದೂ ತಿಳಿಯಬೇಕಾದರೆ ಹೊಟ್ಟು ಸಾಲದು, ಹೊರಮೈ ಯಾವುದು ಎಂದು ಗುರುತು ಹಾಕಿದ ಮರದ ತುಂಡನ್ನೇ ಕಳಿಸಬೇಕು.